ನಿತ್ಯದ ಫೋಟೋಗಳನ್ನು ಊರವರ ಆನ್‌ಲೈನ್ ಬಳಗದಲ್ಲಿ ಹಂಚಿಕೊಳ್ಳುವುದು ಹೇಗೆ: ಕಾಸರಗೋಡಿನಿಂದ ಒಂದು ಸಮಗ್ರ ಮಾರ್ಗದರ್ಶಿ

ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲವಾದಾಗ ತಲಪಾಡಿಯಿಂದ ಈಚೆಗೆ ರಸ್ತೆಬದಿಯ ಎಷ್ಟೋ ಅಂಗಡಿಗಳು ಹೋದವು. ನಮ್ಮ ತಿರುವಿನಲ್ಲಿ ಒಂದು ಚಹಾದಂಗಡಿ ಇತ್ತು. ಹಂಚಿನ ಮಾಡು, ಮುಂದೆ ಎರಡು ಬೆಂಚು, ಬಾಗಿಲ ಮೇಲೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಹೆಸರು ಬರೆದ ತಗಡಿನ ಬೋರ್ಡು. ಅಂಗಡಿ ಹೋದ ಮೇಲೆ ಅದರ ಒಂದು ಫೋಟೋ ಬೇಕೆನಿಸಿ ನಮ್ಮ ಊರಿನವರ ಆನ್‌ಲೈನ್ ಬಳಗದಲ್ಲಿ ಕೇಳಿದೆವು. ಮುನ್ನೂರಕ್ಕೂ ಹೆಚ್ಚು ಮಂದಿ ಇರುವ ಬಳಗ. ಅರ್ಧದಷ್ಟು ಜನ ದುಬೈ, ಮುಂಬಯಿ, ಬೆಂಗಳೂರುಗಳಲ್ಲಿದ್ದಾರೆ. ಬೇಕಲ ಕೋಟೆಯ ಫೋಟೋ ಎಲ್ಲರ ಬಳಿಯೂ ಇತ್ತು. ಆ ಅಂಗಡಿಯದ್ದು ಯಾರ ಬಳಿಯೂ ಇರಲಿಲ್ಲ. ಕೊನೆಗೆ ಒಬ್ಬರ ಮದುವೆಯ ದಿಬ್ಬಣದ ಚಿತ್ರದಲ್ಲಿ, ಜೀಪಿನ ಹಿಂದೆ, ಬೋರ್ಡಿನ ಅರ್ಧ ಭಾಗ ಸಿಕ್ಕಿತು. ಮೂವತ್ತು ವರ್ಷ ದಿನಕ್ಕೆ ಎರಡು ಸಲ ಅಲ್ಲಿ ಚಹಾ ಕುಡಿದವರಿಗೆ ಉಳಿದದ್ದು ಅಷ್ಟೇ.

ಅಂದಿನಿಂದ ನಿತ್ಯದ ಫೋಟೋಗಳ ಬಗ್ಗೆ ನನಗೊಂದು ಹಟ ಹುಟ್ಟಿದೆ. ಕೋಟೆಯನ್ನು ಪ್ರವಾಸಿಗರು ಹೇಗೂ ತೆಗೆಯುತ್ತಾರೆ. ಅಂಗಳ, ಅಡುಗೆಮನೆ, ಬಸ್ ತಂಗುದಾಣ, ಪಡಿತರ ಅಂಗಡಿಯ ಸಾಲುಗಳನ್ನು ತೆಗೆಯಬೇಕಾದವರು ನಾವೇ. ತೆಗೆದು ಮೊಬೈಲಿನಲ್ಲಿಟ್ಟುಕೊಂಡರೂ ಸಾಲದು; ಹೆಸರು ಹೇಳಿ, ಒಪ್ಪಿಗೆ ಕೇಳಿ, ಹತ್ತು ಜನರ ಕಣ್ಣಿಗೆ ಬೀಳುವಂತೆ ಇಡಬೇಕು. ಅದನ್ನು ಹೇಗೆ ಮಾಡಬಹುದೆಂದು ನಾನು ಕಲಿತಷ್ಟನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಒಂದನೆಯ ಹಂತ: ಯಾವುದನ್ನು ತೆಗೆಯಬೇಕು

ನಮ್ಮ ಕಡೆ ವರ್ಷದ ಕೆಲಸಗಳೇ ಒಂದು ಪಟ್ಟಿಯನ್ನು ಕೊಡುತ್ತವೆ. ನವೆಂಬರ್ ಕಳೆಯುತ್ತಿದ್ದಂತೆ ಅಂಗಳದಲ್ಲಿ ಅಡಿಕೆ ಹರಡುತ್ತಾರೆ. ಚಾಲಿ ಅಡಿಕೆ (ಸಿಪ್ಪೆಯೊಂದಿಗೇ ಬಿಸಿಲಿಗೆ ಹಾಕುವ ಹಣ್ಣಡಿಕೆ) ಒಣಗಲು ಒಂದೂವರೆ ತಿಂಗಳು ಬೇಕು; ಆ ಒಂದೂವರೆ ತಿಂಗಳು ಅಂಗಳದ ಬಣ್ಣ ಹಳದಿಯಿಂದ ಕಂದಿಗೆ ನಿಧಾನವಾಗಿ ತಿರುಗುತ್ತದೆ. ಒಂದೇ ಜಾಗದಲ್ಲಿ ನಿಂತು ವಾರಕ್ಕೊಂದು ಚಿತ್ರ ತೆಗೆದರೆ ಅದೇ ಒಂದು ಒಳ್ಳೆಯ ಸರಣಿ. ಮಳೆಗಾಲ ಮುಗಿದು ತೋಡಿನ ನೀರು ಇಳಿಯುವಾಗ ಕಲ್ಲು, ಮಣ್ಣು ಸೇರಿಸಿ ಕಟ್ಟ, ಎಂದರೆ ನೀರು ತಡೆಯುವ ಒಡ್ಡು, ಕಟ್ಟುವ ಊರುಗಳಿವೆ. ಕಟ್ಟುವ ದಿನ ಹತ್ತು ಮನೆಯವರು ನೀರಿಗಿಳಿದಿರುತ್ತಾರೆ. ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಗೇರುಹಣ್ಣಿನ ರಾಶಿ. ಮಳೆಗಾಲದ ಆಟಿ ತಿಂಗಳಲ್ಲಿ ಪತ್ರೊಡೆಗೆ ಕೆಸುವಿನ ಎಲೆ, ಸೋರುವ ಮಾಡಿನ ಕೆಳಗೆ ಇಟ್ಟ ಪಾತ್ರೆಗಳು.

ಋತುವಿಗೆ ಸೇರದವೂ ಇವೆ. ಮೂರು ಲಿಪಿಗಳ ನಾಮಫಲಕಗಳು, ಹಾಲಿನ ಸೊಸೈಟಿಯ ಬೆಳಗು, ಕನ್ನಡ ಮಾಧ್ಯಮ ಶಾಲೆಯ ಕರಿಹಲಗೆ, ಗ್ರಂಥಾಲಯದ ಪತ್ರಿಕೆ ಓದುವ ಮೇಜು. ಬಾಯಾರು, ಎಣ್ಮಕಜೆ ಕಡೆಯವರಾದರೆ ಮನೆಯ ಹಿಂದೆ ಸುರಂಗವಿರಬಹುದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ನಡೆದು ಹೋಗುವಷ್ಟು ಕೊರೆದು, ಪಂಪು ಇಲ್ಲದೆ ನೀರನ್ನು ಹೊರಗೆ ಹರಿಸುವ ಈ ಏರ್ಪಾಡು ನಮಗೆ ತೀರ ಸಾಮಾನ್ಯವಾದ್ದರಿಂದ ಯಾರೂ ಅದರ ಫೋಟೋ ತೆಗೆದಿರುವುದಿಲ್ಲ. ತೆಗೆಯಿರಿ, ಆದರೆ ಬಾಯಿಯ ಹೊರಗೆ ನಿಂತು. ಒಳಗೆ ಗಾಳಿ ಸಾಲದೆ ಹೋಗುವುದುಂಟು, ಮಣ್ಣು ಕುಸಿಯುವುದೂ ಉಂಟು. ಕೊರೆಯುವವರೇ ಗಾಳಿ ಸಾಕೇ ಎಂದು ತಿಳಿಯಲು ದೀಪ ಹಿಡಿದು ಹೋಗುತ್ತಿದ್ದರು.

ವಾರಕ್ಕೆ ಎರಡು ಫೋಟೋ ಎಂದಿಟ್ಟುಕೊಳ್ಳಿ. ದಿನಕ್ಕೆ ಇಪ್ಪತ್ತು ಹಾಕುವವರು ತಿಂಗಳಲ್ಲಿ ನಿಲ್ಲಿಸುತ್ತಾರೆ.

ಎರಡನೆಯ ಹಂತ: ತೆಗೆಯುವಾಗ

ಮೊದಲು ಮೊಬೈಲಿನ ಕ್ಯಾಮೆರಾದ ಗಾಜನ್ನು ಒರೆಸಿ. ತೆಂಗಿನೆಣ್ಣೆಯ ಕೈ ತಾಗಿದ ಗಾಜಿನಲ್ಲಿ ಎಲ್ಲ ಚಿತ್ರವೂ ಮಂಜು ಕವಿದಂತೆ ಬರುತ್ತದೆ. ಹತ್ತಿಯ ಪಂಚೆಯ ತುದಿ ಸಾಕು. ನಾನು ಕಂಡ ಮಂಕಾದ ಫೋಟೋಗಳಲ್ಲಿ ಬಹುಪಾಲಿಗೆ ಕಾರಣ ಇದೊಂದೇ.

ನಡುಹಗಲಿನಲ್ಲಿ ಅಂಗಳದ ಅಡಿಕೆ ಬಿಳಿಚಿಕೊಂಡು, ಮನೆಯ ಜಗಲಿ ಕಪ್ಪಾಗಿ ಬರುತ್ತದೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ನಾಲ್ಕೂವರೆಯ ಬಳಿಕ ತೆಗೆದರೆ ಓರೆ ಬಿಸಿಲಿಗೆ ಒಂದೊಂದು ಅಡಿಕೆಗೂ ನೆರಳು ಬಿದ್ದು ಗುಂಡಗೆ ಕಾಣುತ್ತದೆ. ಪರದೆಯ ಮೇಲೆ ನಿಮಗೆ ಮುಖ್ಯವಾದ ಕಡೆ ಬೆರಳಿಟ್ಟರೆ ಫೋಕಸ್ ಅಲ್ಲಿಗೆ ಬರುತ್ತದೆ; ಜೊತೆಗೆ ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಬೆಳಕು ಕಡಿಮೆಯಾಗುತ್ತದೆ. ಬಿಳಿಯ ವಸ್ತುಗಳಿಗೆ ಇದು ತುಂಬ ಉಪಯೋಗ. ಅಡುಗೆಮನೆಯಲ್ಲಿ ಫ್ಲ್ಯಾಶ್ ಬೇಡ. ಕಿಟಕಿಗೆ ಬೆನ್ನು ಮಾಡಿ ನೀವು ನಿಲ್ಲಿ, ಕೆಲಸ ಮಾಡುವವರ ಮುಖಕ್ಕೆ ಬೆಳಕು ಬೀಳಲಿ. ಬೆರಳಿನಿಂದ ಹಿಗ್ಗಿಸುವ ಜೂಮ್ ಚಿತ್ರವನ್ನು ಒಡೆಯುತ್ತದೆ, ಅದರ ಬದಲು ಎರಡು ಹೆಜ್ಜೆ ಹತ್ತಿರ ಹೋಗಿ. ಮುಖದ ಚರ್ಮವನ್ನು ನುಣುಪು ಮಾಡುವ ಬ್ಯೂಟಿ ಫಿಲ್ಟರನ್ನು ಆಫ್ ಮಾಡಿಬಿಡಿ. ಅಜ್ಜಿಯ ಮುಖದ ಸುಕ್ಕುಗಳನ್ನು ಯಂತ್ರ ಅಳಿಸಿಹಾಕುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಒಂದು ಕೆಲಸಕ್ಕೆ ಮೂರು ಚಿತ್ರಗಳನ್ನು ತೆಗೆಯುವ ಅಭ್ಯಾಸ ಮಾಡಿಕೊಳ್ಳಿ. ಜಾಗವೆಲ್ಲ ಕಾಣುವಂತೆ ದೂರದಿಂದ ಒಂದು, ಆಳು ಪೂರ್ತಿ ಕಾಣುವಂತೆ ಒಂದು, ಕೈಗಳು ಮಾತ್ರ ಕಾಣುವಂತೆ ಒಂದು. ಮೂರನೆಯದು ಹೆಚ್ಚಾಗಿ ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆ, ಮುಖ ತೋರಿಸಲು ಮನಸ್ಸಿಲ್ಲದವರಿಗೂ ಅದು ಒಪ್ಪಿಗೆಯಾಗುತ್ತದೆ.

ಮೂರನೆಯ ಹಂತ: ಕೇಳುವುದು

ಇದಕ್ಕೆ ಉಳಿದ ಎಲ್ಲ ಹಂತಗಳಿಗಿಂತ ಹೆಚ್ಚು ಸಮಯ ಕೊಡಿ. ಯಾಕೆಂದರೆ ನಾನು ತಪ್ಪಿದ್ದು ಇಲ್ಲಿಯೇ.

ನಮ್ಮ ನೆರೆಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಮಡಿಲಲ್ಲಿ ತಡ್ಪೆ (ಮೊರ), ಅದರಲ್ಲಿ ಒಂದು ಬದಿಗೆ ಕತ್ತರಿಸಿದ ಎಲೆ, ಇನ್ನೊಂದು ಬದಿಗೆ ಹೊಗೆಸೊಪ್ಪು. ಎಲೆಯನ್ನು ಸುರುಳಿ ಸುತ್ತಿ, ಹೆಬ್ಬೆರಳಿನ ಉಗುರಿನಿಂದ ತುದಿಯನ್ನು ಒಳಕ್ಕೆ ಮಡಚಿ, ನೂಲು ಕಟ್ಟುವವರೆಗೆ ನಾನು ನಾಲ್ಕು ಎಣಿಸುವಷ್ಟು ಹೊತ್ತೂ ಆಗುವುದಿಲ್ಲ. ಒಂದು ಮಧ್ಯಾಹ್ನ, “ಅಕ್ಕಾ, ಒಂದು ಫೋಟೋ ತೆಗೆಯಲೇ?” ಎಂದು ಕೇಳಿದೆ. “ತೆಗೆ ಮಗಾ, ಅದಕ್ಕೇನು” ಎಂದರು. ಚಿತ್ರ ಬಹಳ ಚೆನ್ನಾಗಿ ಬಂತು. ಸಂಜೆ ಬಳಗದಲ್ಲಿ ಹಾಕಿದೆ.

ಎರಡು ದಿನದ ಬಳಿಕ ಅವರ ಮಗ ಗಲ್ಫಿನಿಂದ ತಾಯಿಗೆ ಕರೆ ಮಾಡಿದ. ಜಗಲಿಯ ಸಿಮೆಂಟು ಎದ್ದುಹೋದದ್ದು, ತಾಯಿ ಉಟ್ಟ ಹಳೆಯ ಸೀರೆ, ಎಲ್ಲವನ್ನೂ ಅವನ ಕೋಣೆಯವರು ನೋಡಿದ್ದರು. ಅವನು ಬೈಯಲಿಲ್ಲ, ಅತ್ತನಂತೆ. ಅಕ್ಕ ನನ್ನೊಡನೆ ಹೇಳಿದ್ದು ಇಷ್ಟೇ: “ನೀನು ತೆಗೆಯುತ್ತೇನೆ ಅಂದೆ, ಊರಿಗೆಲ್ಲ ತೋರಿಸುತ್ತೇನೆ ಅಂದಿರಲಿಲ್ಲವಲ್ಲ.” ನಾನು ಆ ಕ್ಷಣವೇ ಚಿತ್ರವನ್ನು ತೆಗೆದುಹಾಕಿದೆ. ಅಷ್ಟರಲ್ಲಿ ಅದು ಬೇರೆ ಗುಂಪುಗಳಿಗೆ ಹೋಗಿತ್ತು. ಯಾರೋ ಅದರ ಮೇಲೆ ಶುಭೋದಯ ಎಂದು ಬರೆದು ಹಂಚುತ್ತಿದ್ದರು.

ತೆಗೆಯಲು ಒಪ್ಪಿಗೆ ಬೇರೆ, ಹಂಚಲು ಒಪ್ಪಿಗೆ ಬೇರೆ. ಆದ್ದರಿಂದ ಈಗ ನಾನು ಕೇಳುವ ಕ್ರಮ ಹೀಗಿದೆ. ತೆಗೆದ ಚಿತ್ರವನ್ನು ಅವರಿಗೆ ತೋರಿಸುತ್ತೇನೆ. ಎಲ್ಲಿ ಹಾಕುತ್ತೇನೆ, ಸುಮಾರು ಎಷ್ಟು ಜನ ನೋಡುತ್ತಾರೆ, ಅದರಲ್ಲಿ ಅವರ ಗುರುತಿನವರು ಯಾರಿದ್ದಾರೆ ಎಂದು ಹೇಳುತ್ತೇನೆ. ಹೆಸರು ಬರೆಯಬಹುದೇ ಎಂದು ಬೇರೆಯಾಗಿ ಕೇಳುತ್ತೇನೆ. ಒಂದು ರಾತ್ರಿ ಬಿಟ್ಟು ಮರುದಿನ ಹಾಕುತ್ತೇನೆ. ನಮ್ಮಲ್ಲಿ ಎದುರಿಗೆ ಬೇಡ ಎನ್ನಲು ಸಂಕೋಚಪಡುವವರು ಬಹಳ, ಮನೆಯವರ ಮೂಲಕ ಮಾರನೆಯ ದಿನ ಹೇಳಿಕಳುಹಿಸುತ್ತಾರೆ. ಅಕ್ಕನನ್ನು ಆರು ತಿಂಗಳ ನಂತರ ಮತ್ತೆ ಕೇಳಿದಾಗ ಅವರೇ ಜಾಗ ಆರಿಸಿದರು. ಮಲ್ಲಿಗೆ ಗಿಡದ ಹತ್ತಿರ, ಮಗ ತಂದ ಸೀರೆ, ಮಡಿಲಲ್ಲಿ ಅದೇ ತಡ್ಪೆ. ಆ ಚಿತ್ರ ಈಗ ಅವರ ಮಗನ ಮೊಬೈಲಿನ ಪರದೆಯ ಮೇಲಿದೆ.

ಮಕ್ಕಳ ವಿಷಯದಲ್ಲಿ ತಂದೆತಾಯಿಯ ಮಾತು ಸಿಗದೆ ಮುಂದೆ ಹೋಗಲೇಬಾರದು. ಶಾಲೆಯ ಸಮವಸ್ತ್ರ, ಬ್ಯಾಡ್ಜು, ಶಾಲಾ ಬಸ್ಸಿನ ಹೆಸರು ಕಂಡರೆ ಮಗು ದಿನಾ ಎಲ್ಲಿ ಇರುತ್ತದೆ ಎಂಬುದು ಅಪರಿಚಿತರಿಗೂ ತಿಳಿಯುತ್ತದೆ. ಮಗು ಸ್ನಾನ ಮಾಡುವ, ಬಟ್ಟೆಯಿಲ್ಲದೆ ಓಡುವ ಚಿತ್ರಗಳು ಮನೆಯ ಆಲ್ಬಮ್ಮಿನಲ್ಲಿ ಮುದ್ದು. ಅವು ಅಲ್ಲಿಯೇ ಇರಲಿ. ಕೆರೆ, ಹೊಳೆಯ ಚಿತ್ರ ತೆಗೆಯುವಾಗ ಹಿನ್ನೆಲೆಯಲ್ಲಿ ಮೀಯುವವರು ಇದ್ದಾರೆಯೇ ನೋಡಿಕೊಳ್ಳಿ. ಒಪ್ಪಿಗೆಯಿಲ್ಲದೆ ಒಬ್ಬರ ಖಾಸಗಿ ಅಂಗಗಳ ಚಿತ್ರ ತೆಗೆಯುವುದೂ ಹಂಚುವುದೂ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಂತೆ ಅಪರಾಧ. ಮೂರು ವರ್ಷದವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು.

ದೈವಗಳ ನೇಮ, ತೆಯ್ಯಂ, ದೇವಸ್ಥಾನದ ಬಲಿಯ ಚಿತ್ರಗಳಿಗೆ ಆಡಳಿತ ಮೊಕ್ತೇಸರರನ್ನೋ ತರವಾಡಿನ (ಮೂಲ ಮನೆತನದ) ಹಿರಿಯರನ್ನೋ ಮೊದಲೇ ಕೇಳಿ. ಗರ್ಭಗುಡಿಯ ಕಡೆ ಕ್ಯಾಮೆರಾ ತಿರುಗಿಸಬೇಡಿ. ಬಣ್ಣ ಹಚ್ಚಿಸಿಕೊಳ್ಳುವ ಹೊತ್ತು ಕಲಾವಿದರಿಗೆ ಏಕಾಗ್ರತೆಯ ಹೊತ್ತು, ಅಲ್ಲಿ ದೂರದಿಂದಲೂ ಅನುಮತಿಯಿಂದಲೇ ತೆಗೆಯಬೇಕು. ಬ್ಯಾರಿ ಮನೆಗಳಲ್ಲಿ ಮದುವೆಯ ಊಟಕ್ಕೆ ಕರೆದಾಗ ಹೆಂಗಸರು ಇರುವ ಕೋಣೆಯ ಚಿತ್ರ ಬೇಡ ಎಂದರೆ ಅದಕ್ಕೆ ಕಾರಣ ಕೇಳುವ ಅಗತ್ಯವಿಲ್ಲ. ಸಾವಿನ ಮನೆಯಲ್ಲಿ ಮೊಬೈಲು ಜೇಬಿನಲ್ಲಿರಲಿ.

ನಾಲ್ಕನೆಯ ಹಂತ: ಆರಿಸುವುದು

ಒಂದೇ ದೃಶ್ಯದ ಹನ್ನೆರಡು ಚಿತ್ರಗಳಿದ್ದರೆ ಒಂದನ್ನು ಹಾಕಿ, ಹೆಚ್ಚೆಂದರೆ ಮೂರು. ಆರಿಸುವಾಗ ನಾನು ನೋಡುವುದು ಒಂದೇ: ಇಪ್ಪತ್ತು ವರ್ಷದ ಬಳಿಕ ಯಾರಾದರೂ ನೋಡಿದರೆ ಈ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಇದರಿಂದ ತಿಳಿಯುತ್ತದೆಯೇ? ತಿಳಿಯುವುದಾದರೆ ಸ್ವಲ್ಪ ಓರೆಯಾಗಿದ್ದರೂ ಅದೇ ಇರಲಿ. ಓರೆಯನ್ನು ನೇರ ಮಾಡಬಹುದು, ಅಂಚನ್ನು ಕತ್ತರಿಸಬಹುದು, ಬೆಳಕನ್ನು ತುಸು ಏರಿಸಬಹುದು. ಆಕಾಶವನ್ನು ಬದಲಾಯಿಸುವುದು, ವಿದ್ಯುತ್ ತಂತಿಗಳನ್ನು ಅಳಿಸುವುದು ಬೇಡ. ತಂತಿ ಯಾವ ವರ್ಷ ಬಂತು ಎನ್ನುವುದೂ ಊರಿನ ಕಥೆಯೇ.

ಐದನೆಯ ಹಂತ: ಹಾಕುವ ಮೊದಲು ಚಿತ್ರದೊಳಗೆ ಇಣುಕುವುದು

ಮೊಬೈಲಿನಲ್ಲಿ ತೆಗೆದ ಪ್ರತಿ ಫೋಟೋದ ಕಡತದೊಳಗೆ ತೆಗೆದ ದಿನ, ಗಂಟೆ, ಮೊಬೈಲಿನ ಮಾದರಿ ಮತ್ತು ಬಹಳ ಸಲ ನಿಂತ ಜಾಗದ ಅಕ್ಷಾಂಶ ರೇಖಾಂಶಗಳೂ ದಾಖಲಾಗಿರುತ್ತವೆ. ಎಕ್ಸಿಫ್ ಮಾಹಿತಿ ಎಂದು ಇದರ ಹೆಸರು. ಗೂಗಲ್ ಫೋಟೋಸ್‌ನಲ್ಲಿ ಚಿತ್ರವನ್ನು ತೆರೆದು ಮೇಲಕ್ಕೆ ಸರಿಸಿದರೆ ನಿಮಗೇ ಕಾಣುತ್ತದೆ. ದಿನ, ಗಂಟೆಗಳು ಅಮೂಲ್ಯ. ಜಾಗ ಮಾತ್ರ ಯೋಚಿಸಬೇಕಾದದ್ದು. ಬಸ್ ನಿಲ್ದಾಣದ ಚಿತ್ರದಲ್ಲಿ ಜಾಗ ಇರಲಿ. ಒಬ್ಬರೇ ಇರುವ ಹಿರಿಯರ ಮನೆಯ ಚಿತ್ರದಲ್ಲಿ ಇರಬಾರದು.

ಇನ್ನು ಮುಂದೆ ಜಾಗ ದಾಖಲಾಗುವುದೇ ಬೇಡವೆಂದರೆ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಯ್ಕೆಯನ್ನು ಆಫ್ ಮಾಡಬಹುದು. ಐಫೋನಿನಲ್ಲಿ ಹಂಚುವ ಪುಟದ ಮೇಲ್ಭಾಗದಲ್ಲಿ ಆಪ್ಶನ್ಸ್ ಎಂಬುದನ್ನು ಒತ್ತಿ ಆ ಒಂದು ಚಿತ್ರಕ್ಕೆ ಮಾತ್ರ ಲೊಕೇಶನ್ ತೆಗೆಯಬಹುದು. ವಾಟ್ಸ್ಆ್ಯಪ್‌ನಲ್ಲಿ ಸಾಧಾರಣವಾಗಿ ಫೋಟೋ ಕಳುಹಿಸಿದರೆ ಈ ಮಾಹಿತಿ ಕಳಚಿಹೋಗುತ್ತದೆ, ಜೊತೆಗೆ ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಚಿತ್ರ ಮೂಲದಂತೆಯೇ ಹೋಗುತ್ತದೆ, ಮಾಹಿತಿಯೂ ಜೊತೆಗೆ ಹೋಗುತ್ತದೆ.

ಕಣ್ಣಿಗೆ ಕಾಣುವವುಗಳನ್ನೂ ಒಮ್ಮೆ ಹಿಗ್ಗಿಸಿ ನೋಡಿ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಫೋನ್ ನಂಬರು, ಮೇಜಿನ ಮೇಲೆ ಮರೆತ ಪಡಿತರ ಚೀಟಿ ಅಥವಾ ಆಧಾರ್, ಸ್ಕೂಟರಿನ ನಂಬರು, ಔಷಧಿಯ ಚೀಟಿ. ಮುಚ್ಚಬೇಕಾದದ್ದನ್ನು ಕತ್ತರಿಸಿಬಿಡುವುದೇ ಒಳ್ಳೆಯದು. ಮೊಬೈಲಿನ ಪೆನ್ನಿನಲ್ಲಿ ತೆಳುವಾಗಿ ಗೀಚಿದರೆ ಅಡಿಯ ಅಕ್ಷರಗಳು ಕಾಣುವುದುಂಟು. ಮನೆಗೆ ಬೀಗ ಹಾಕಿ ಮಗಳ ಮನೆಗೆ ಹೋದಾಗಿನ ಚಿತ್ರಗಳನ್ನು ಹಿಂದಿರುಗಿದ ಮೇಲೆ ಹಾಕಿ.

ಆರನೆಯ ಹಂತ: ಅಡಿಬರಹ

ನನ್ನ ಮಟ್ಟಿಗೆ ಇದು ಫೋಟೋದ ಅರ್ಧ ಭಾಗ. ನಮ್ಮ ಬಳಗದಲ್ಲಿ “ಹಳೆಯ ನೆನಪು” ಎಂದಷ್ಟೇ ಬರೆದು ಹಾಕಿದ ನೂರಾರು ಚಿತ್ರಗಳಿವೆ. ಹಾಕಿದವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಆ ಚಿತ್ರಗಳಲ್ಲಿರುವವರು ಯಾರೆಂದು ಇನ್ನು ಯಾರನ್ನು ಕೇಳುವುದು?

ಐದು ವಿಷಯಗಳು ಇರಲಿ: ಏನು, ಎಲ್ಲಿ, ಯಾವಾಗ, ಯಾರು, ತೆಗೆದವರು ಯಾರು. ಉದಾಹರಣೆಗೆ, “ನಮ್ಮ ಅಂಗಳ” ಎನ್ನುವ ಬದಲು ಹೀಗೆ: “ಚಾಲಿ ಅಡಿಕೆ ಒಣಗಲು ಹಾಕಿ ಹದಿನೆಂಟನೆಯ ದಿನ. ಕುಂಬಳೆ ಹತ್ತಿರದ ನಮ್ಮ ಮನೆಯ ಅಂಗಳ, 2024ರ ಡಿಸೆಂಬರ್ 8, ಬೆಳಿಗ್ಗೆ. ಮುಟ್ಟಾಳೆ ಇಟ್ಟುಕೊಂಡು ಅಡಿಕೆ ಮಗುಚುತ್ತಿರುವವರು ನನ್ನ ದೊಡ್ಡಪ್ಪ. ಫೋಟೋ ನನ್ನದು.” ನಾಲ್ಕು ಸಾಲು ಬರೆಯಲು ಎರಡು ನಿಮಿಷ ಸಾಕು. ಹಾಳೆಯ ಟೊಪ್ಪಿ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮುಟ್ಟಾಳೆ ಎಂದರೆ ಮುಂದೆಯೂ ಆ ಶಬ್ದ ಉಳಿಯುತ್ತದೆ. ಎರಡನ್ನೂ ಬರೆಯಿರಿ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಠಿಯೋ ಕೊಂಕಣಿಯೋ ಆಡುವವರು ವಸ್ತುವಿಗೆ ಮನೆಯ ಹೆಸರನ್ನೂ ಸೇರಿಸಿದರೆ ಕೆಳಗೆ ಉಳಿದವರು ತಮ್ಮ ಮನೆಯ ಹೆಸರನ್ನು ಹೇಳುತ್ತಾರೆ. ಒಂದು ತಡ್ಪೆಯ ಚಿತ್ರಕ್ಕೆ ಗೆರಸೆ, ಮೊರ ಎಂದೆಲ್ಲ ಉತ್ತರಗಳು ಬಂದು ಆ ಚರ್ಚೆ ಎರಡು ದಿನ ನಡೆದಿತ್ತು.

ಊರಿನ ಹೆಸರನ್ನು ಕನ್ನಡದಲ್ಲಿ ಇರುವಂತೆಯೇ ಬರೆಯಿರಿ. ಮಂಜೇಶ್ವರ, ಮಂಜೇಶ್ವರಂ ಅಲ್ಲ. ನೆಲ್ಲಿಕುಂಜೆ, ಹೊಸದುರ್ಗ, ಕಾರಡ್ಕ, ಮಧೂರು. ಬಸ್ಸಿನ ಬೋರ್ಡು, ನಕ್ಷೆ, ಕಚೇರಿಯ ಕಾಗದಗಳಲ್ಲಿ ಬೇರೆ ರೂಪಗಳನ್ನೇ ನೋಡಿ ನೋಡಿ ನಮ್ಮ ಮಕ್ಕಳು ಊರಿನ ಹೆಸರನ್ನು ಮರೆಯುತ್ತಿದ್ದಾರೆ. ಒಂದು ಫೋಟೋದ ಕೆಳಗೆ ಬರೆದ ಹೆಸರು ಹುಡುಕುವವರಿಗೆ ಸಿಗುತ್ತದೆ. ಕೊನೆಯ ಸಾಲಿನಲ್ಲಿ ಅದೇ ಹೆಸರನ್ನು ಮಲಯಾಳ, ಇಂಗ್ಲಿಷ್ ಲಿಪಿಗಳಲ್ಲಿಯೂ ಸೇರಿಸಿ. ಆ ಲಿಪಿಗಳಲ್ಲಿ ಹುಡುಕುವವರೂ ನಮ್ಮವರೇ. ಟೈಪ್ ಮಾಡಲು ಕಷ್ಟವೆನ್ನುವ ಹಿರಿಯರು ಮೊಬೈಲಿನ ಕೀಲಿಮಣೆಯ ಮೈಕನ್ನು ಒತ್ತಿ ಕನ್ನಡದಲ್ಲಿ ಹೇಳಬಹುದು. ಊರಿನ ಹೆಸರುಗಳನ್ನು ಮಾತ್ರ ಅದು ತಪ್ಪು ಬರೆಯುತ್ತದೆ, ಒಮ್ಮೆ ತಿದ್ದಬೇಕು.

ಏಳನೆಯ ಹಂತ: ಎಲ್ಲಿ ಹಾಕುವುದು

ಮನೆಯವರಿಗೆ ಮಾತ್ರ ಎನ್ನುವಂಥದ್ದು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರಲಿ. ವಾಟ್ಸ್ಆ್ಯಪ್ ಗುಂಪಿನಲ್ಲಿ 1024 ಮಂದಿಯವರೆಗೆ ಇರಬಹುದು, ಆದರೆ ಹಳೆಯ ಚಿತ್ರ ಹುಡುಕುವುದು ಅಲ್ಲಿ ಬಹಳ ಕಷ್ಟ. ಊರಿನವರೊಂದಿಗೆ ಮಾತುಕತೆ ಬೆಳೆಯಬೇಕೆಂದರೆ ಫೇಸ್‌ಬುಕ್‌ನ ಖಾಸಗಿ ಗುಂಪು ಅನುಕೂಲ; ಸೇರಿದವರಿಗೆ ಮಾತ್ರ ಕಾಣುತ್ತದೆ, ಕೆಳಗೆ ಉತ್ತರಗಳು ಒಂದೇ ಕಡೆ ಇರುತ್ತವೆ, ಆಲ್ಬಂ ಮಾಡಬಹುದು. ಖಾಸಗಿ ಎಂದರೂ ಯಾರಾದರೊಬ್ಬರು ಪರದೆಯ ಚಿತ್ರ ತೆಗೆದರೆ ಹೊರಗೆ ಹೋಗುತ್ತದೆ. ಅಕ್ಕನ ಚಿತ್ರ ಹೋದದ್ದು ಹಾಗೆಯೇ.

ಇಡೀ ಜಗತ್ತಿಗೆ ಕೊಡಬಹುದಾದ ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್ ಇದೆ. 2004ರಲ್ಲಿ ಶುರುವಾದ ಈ ಭಂಡಾರದಿಂದಲೇ ಕನ್ನಡ ಮತ್ತು ತುಳು ವಿಕಿಪೀಡಿಯಗಳ ಲೇಖನಗಳಿಗೆ ಚಿತ್ರ ಬರುತ್ತದೆ. ಸುರಂಗದ ಬಾಯಿ, ತೋಡಿನ ಕಟ್ಟ, ಹಲಸಿನ ಹಪ್ಪಳ, ಕಾಸರಗೋಡು ಸೀರೆಯ ಮಗ್ಗ ಇಂಥವು ಅಲ್ಲಿರಬೇಕು ಎನ್ನುವುದು ನನ್ನ ಆಸೆ. ಆದರೆ ಒಂದನ್ನು ತಿಳಿದೇ ಹಾಕಿ: ಅಲ್ಲಿಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಕೊಟ್ಟರೆ ಯಾರು ಬೇಕಾದರೂ, ವ್ಯಾಪಾರಕ್ಕೂ, ನಿಮ್ಮ ಹೆಸರು ಹೇಳಿ ಬಳಸಬಹುದು. ಆಮೇಲೆ ಪರವಾನಗಿಯನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ. ವಸ್ತು, ಸಸ್ಯ, ಕಟ್ಟಡ, ಕೆಲಸದ ಕೈಗಳು ಅಲ್ಲಿಗೆ ಸರಿ. ಮನೆಯವರ ಮುಖಗಳು ಬೇಡ.

ಎಂಟನೆಯ ಹಂತ: ಹಾಕಿದ ಮೇಲೆ

ಮೊದಲ ಎರಡು ದಿನ ಉತ್ತರ ಕೊಡಲು ಸಮಯ ಇಟ್ಟುಕೊಳ್ಳಿ. ಯಾರಾದರೂ “ಎಡಗಡೆ ನಿಂತವರು ನನ್ನ ಅಜ್ಜ” ಎಂದರೆ ಧನ್ಯವಾದ ಹೇಳಿ ಅದನ್ನು ಅಡಿಬರಹಕ್ಕೇ ಸೇರಿಸಿ. ಉತ್ತರಗಳ ನಡುವೆ ಬಿಟ್ಟರೆ ಆರು ತಿಂಗಳಲ್ಲಿ ಮುಳುಗಿಹೋಗುತ್ತದೆ. ಇಸವಿಯ ಬಗ್ಗೆ ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಬರೆಯಿರಿ. ಭಾಷೆ, ಜಾತಿ, ಪಕ್ಷದ ಜಗಳಕ್ಕೆ ತಿರುಗುವ ಮಾತು ಬಂದರೆ ಗುಂಪು ನೋಡಿಕೊಳ್ಳುವವರು ಅಂದೇ ನಿಲ್ಲಿಸಬೇಕು. ಅಂಗಡಿಯ ಬೋರ್ಡಿನ ಫೋಟೋದ ಕೆಳಗೆ ಅಂಗಡಿಯವರ ಮನೆಯವರೂ ಓದುತ್ತಿರುತ್ತಾರೆ.

ಚಿತ್ರದಲ್ಲಿರುವವರು ತೆಗೆದುಹಾಕಿ ಎಂದರೆ ಮೊದಲು ತೆಗೆದುಹಾಕಿ, ಮಾತು ಆಮೇಲೆ. ಬೇರೆಡೆ ದುರುಪಯೋಗವಾದರೆ ಪರದೆಯ ಚಿತ್ರ, ದಿನಾಂಕ, ಕೊಂಡಿಗಳನ್ನು ಉಳಿಸಿಕೊಂಡು ಆ ತಾಣಕ್ಕೆ ದೂರು ಕೊಡಿ. ವಿಷಯ ಗಂಭೀರವಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು. ಫೋಟೋದ ನಡುವೆ ದೊಡ್ಡದಾಗಿ ಹೆಸರು ಬರೆದರೆ ಕಳವು ನಿಲ್ಲುವುದಿಲ್ಲ, ನೋಡುವವರಿಗೆ ಮಾತ್ರ ಅಡ್ಡಿ. ಮೂಲೆಯಲ್ಲಿ ಚಿಕ್ಕದಾಗಿ ಬರೆದರೆ ಸಾಕು.

ಒಂಬತ್ತನೆಯ ಹಂತ: ಹಳೆಯ ಆಲ್ಬಮ್ಮಿನ ಚಿತ್ರಗಳು

ಹೊಸ ಚಿತ್ರ ಹಾಕಲು ಶುರುಮಾಡಿದವರೆಲ್ಲ ತಿಂಗಳೊಳಗೆ ಕಪಾಟಿನ ಆಲ್ಬಂ ತೆರೆಯುತ್ತಾರೆ. ತೆರೆಯುವ ಮೊದಲು ಕೈ ತೊಳೆದು ಒಣಗಿಸಿಕೊಳ್ಳಿ. ನಮ್ಮ ಮಳೆಗೆ ಆಲ್ಬಮ್ಮುಗಳಲ್ಲಿ ಬೂಷ್ಟು ಬೆಳೆದಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬಾರದು, ಒಣಗಿದ ಮೃದುವಾದ ಬ್ರಶ್ಶಿನಿಂದ ಹೊರಗಡೆ ಗಾಳಿಯಲ್ಲಿ ಮೆಲ್ಲಗೆ ತಟ್ಟಿದರೆ ಸಾಕು. ಅಂಟಿನ ಪುಟಗಳ ಆಲ್ಬಮ್ಮಿನಲ್ಲಿ ಚಿತ್ರ ಹಿಡಿದುಕೊಂಡಿದ್ದರೆ ಕೀಳಬೇಡಿ. ಹಲ್ಲಿನ ಸಂದಿಗೆ ಬಳಸುವ ನೂಲನ್ನು ಚಿತ್ರದ ಹಿಂದಿನಿಂದ ಗರಗಸದಂತೆ ಆಡಿಸಿದರೆ ಬಿಟ್ಟುಕೊಳ್ಳುತ್ತದೆ. ಆಗಲೂ ಬರದಿದ್ದರೆ ಪುಟದಲ್ಲಿರುವಂತೆಯೇ ಪ್ರತಿ ತೆಗೆಯಿರಿ.

ಸ್ಕ್ಯಾನರ್ ಇದ್ದರೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಡಿ. 4x6 ಇಂಚಿನ ಚಿತ್ರಕ್ಕೆ ಅದು 2400x3600 ಪಿಕ್ಸೆಲ್ ಕೊಡುತ್ತದೆ, ಮತ್ತೆ ದೊಡ್ಡದಾಗಿ ಮುದ್ರಿಸಲೂ ಸಾಕು. ಇಲ್ಲದಿದ್ದರೆ ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ಇದೆ. ಒಂದೇ ಚಿತ್ರವನ್ನು ಬೇರೆ ಬೇರೆ ಕೋನಗಳಿಂದ ತೆಗೆಸಿ ಹೊಳಪಿನ ಕಲೆಯನ್ನು ಕಳೆಯುತ್ತದೆ. ಕಿಟಕಿಯ ಹತ್ತಿರ ನೆರಳಿನ ಬೆಳಕಿನಲ್ಲಿ ಇಟ್ಟು ತೆಗೆಯಿರಿ.

ಚಿತ್ರದ ಹಿಂಬದಿಯನ್ನೂ ತೆಗೆಯಲು ಮರೆಯಬೇಡಿ. ಸ್ಟುಡಿಯೊದ ಮೊಹರಿನ ವಿಳಾಸದಿಂದ ಕಾಲವನ್ನು ಊಹಿಸಬಹುದು. ಕಾಸರಗೋಡಿನ ವಿಳಾಸದ ಜೊತೆ ದಕ್ಷಿಣ ಕನ್ನಡ ಅಥವಾ ಸೌತ್ ಕೆನರಾ ಎಂದಿದ್ದರೆ ಅದು 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರುವ ಮೊದಲಿನ ಮೊಹರು ಇರಬೇಕು. ಕಣ್ಣೂರು ಜಿಲ್ಲೆ ಎಂದಿದ್ದರೆ 1957ರಿಂದ 1984ರ ಮೇ ವರೆಗಿನದು. ಆ ತಿಂಗಳ 24ರಂದು ಕಾಸರಗೋಡು ಬೇರೆ ಜಿಲ್ಲೆಯಾಯಿತು. 671ರಿಂದ ಶುರುವಾಗುವ ಆರಂಕಿಯ ಪಿನ್‌ಕೋಡ್ ಕಂಡರೆ 1972ರ ಆಗಸ್ಟ್ 15ರ ನಂತರದ್ದು, ಪಿನ್‌ಕೋಡ್ ಬಂದದ್ದೇ ಅಂದು. ಹಳೆಯ ಮೊಹರನ್ನೇ ವರ್ಷಗಟ್ಟಲೆ ಒತ್ತಿದ ಸ್ಟುಡಿಯೊಗಳೂ ಇದ್ದಿರಬಹುದಾದ್ದರಿಂದ “ಸುಮಾರು” ಎಂದು ಸೇರಿಸಿ. ನಮ್ಮ ಅತ್ತೆಯ ಮದುವೆಯ ಚಿತ್ರಕ್ಕೆ ಇಸವಿ ಸಿಕ್ಕಿದ್ದು ಹೀಗೆ: ಹಿಂದೆ ಕಣ್ಣೂರು ಜಿಲ್ಲೆ ಎಂದಿತ್ತು, ಪಿನ್‌ಕೋಡ್ ಇರಲಿಲ್ಲ. ಅಜ್ಜಿ ಲೆಕ್ಕ ಹಾಕಿ ಹೇಳಿದ 1968 ಅದರೊಳಗೆ ಸರಿಯಾಗಿ ಕುಳಿತಿತು.

ಸ್ಟುಡಿಯೊದವರು ತೆಗೆದ ಚಿತ್ರವನ್ನು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ನೀವು ಕ್ಯಾಮೆರಾ ಹಿಡಿದು ತೆಗೆದ ಚಿತ್ರ ನಿಮ್ಮದು; ನಿಮ್ಮ ಮೊಬೈಲಿನಲ್ಲಿ ದಾರಿಹೋಕರು ತೆಗೆದುಕೊಟ್ಟದ್ದರಲ್ಲಿ ಕೃತಿಕಾರರು ಅವರು. ಸ್ಟುಡಿಯೊದ ಹೆಸರು ಗೊತ್ತಿದ್ದರೆ ಅಡಿಬರಹದಲ್ಲಿ ಬರೆಯುವುದು ನ್ಯಾಯ.

ಹತ್ತನೆಯ ಹಂತ: ಪ್ರತಿ ಉಳಿಸುವುದು

ಬಳಗದಲ್ಲಿ ಹಾಕಿದ್ದೇನೆ, ಇನ್ನು ಭದ್ರ ಎಂದುಕೊಳ್ಳಬೇಡಿ. ಅಲ್ಲಿರುವುದು ಕುಗ್ಗಿದ ಪ್ರತಿ. ಗುಂಪು ಮುಚ್ಚಬಹುದು, ಖಾತೆ ಕಳೆದುಹೋಗಬಹುದು. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, 2021ರ ಜೂನ್‌ನಿಂದ ಫೋಟೋಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಮೂಲ ಚಿತ್ರಗಳನ್ನು ಮೂರು ತಿಂಗಳಿಗೊಮ್ಮೆ ಹಾರ್ಡ್ ಡಿಸ್ಕಿಗೆ ಹಾಕಿ, ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ.

ಕಡತದ ಹೆಸರು ಇಸವಿಯಿಂದ ಶುರುವಾಗಲಿ: 2024-12-08-ಕುಂಬಳೆ-ಚಾಲಿ-ಅಡಿಕೆ. ಹೀಗೆ ಬರೆದರೆ ಎಲ್ಲವೂ ತಾನಾಗಿ ಕಾಲಕ್ರಮದಲ್ಲಿ ಸಾಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರದ ಕಡತದ ಹೆಸರಿನಲ್ಲಿರುವ ತಾರೀಕನ್ನು ನಂಬಬೇಡಿ, ಅದು ಚಿತ್ರ ನಿಮಗೆ ಬಂದ ದಿನದ್ದು. ಚಿತ್ರದ ಜೊತೆಗೆ ಅದೇ ಹೆಸರಿನ ಒಂದು ಪಠ್ಯ ಕಡತದಲ್ಲಿ ಅಡಿಬರಹವನ್ನೂ, ಬಳಗದವರು ಸೇರಿಸಿದ ಹೆಸರುಗಳನ್ನೂ ಇಡಿ.

ಹಾರ್ಡ್ ಡಿಸ್ಕನ್ನು ನಾನು ಬಿಗಿಯಾದ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಎರಡು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಮೇ ಕೊನೆಗೆ, ಮೊದಲ ಮಳೆ ಬೀಳುವ ಮುನ್ನ, ಪೊಟ್ಟಣಗಳನ್ನು ಬದಲಾಯಿಸಿ, ಡಿಸ್ಕನ್ನು ಒಮ್ಮೆ ಕಂಪ್ಯೂಟರಿಗೆ ಸೇರಿಸಿ, ನಾಲ್ಕಾರು ಚಿತ್ರಗಳನ್ನು ತೆರೆದು ನೋಡಿ ಮತ್ತೆ ಮುಚ್ಚುತ್ತೇನೆ.